ಓಟಿಲ್ಲದ ದ್ವೀಪಗಳ ಲೆಕ್ಕ ಕೇಳುವವರು ಯಾರು?

1836ರ ಜುಲೈನಲ್ಲಿ ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರಿಟನ್ ಆಳುವ ಸೇಂಟ್ ಹೆಲೆನಾ ದ್ವೀಪದಲ್ಲಿ ಕೆಲವು ದಿನ ತಂಗಿದ್ದ. ಒಂದು ದಿನ ಅಲ್ಲಿನ ಬಯಲೊಂದರ ಅಂಚಿನಲ್ಲಿ ಹೋಗಿ ನಿಂತ. ಕೆಳಗೆ ಸುಮಾರು ಸಾವಿರ ಅಡಿಯ ಪ್ರಪಾತ. ಅವನು ನಿಂತ ಜಾಗದಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಆದರೆ ಕೆಲವೇ ಗಜ ಆಚೆ ಕಡಲಹಕ್ಕಿಗಳು ಬಿರುಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತಾ ಒದ್ದಾಡುತ್ತಿದ್ದವು. ಇದೇನು ವಿಚಿತ್ರ ಅಂದುಕೊಂಡು ಅದನ್ನು ಬರೆದಿಟ್ಟ.

180 ವರ್ಷ ಕಳೆಯಿತು. 2016ರ ಏಪ್ರಿಲ್‌ನಲ್ಲಿ ಅದೇ ದ್ವೀಪದ ಹೊಚ್ಚಹೊಸ ವಿಮಾನ ನಿಲ್ದಾಣಕ್ಕೆ ಬೋಯಿಂಗ್ 737 ಒಂದು ಪರೀಕ್ಷೆಗೆ ಬಂತು. ಈ ನಿಲ್ದಾಣ ಇರುವುದೂ ಪ್ರಪಾತದ ಅಂಚಿನ ಬಯಲಿನಲ್ಲೇ. ಮೊದಲ ಸಲ ಇಳಿಯಲು ಆಗಲಿಲ್ಲ. ವಿಮಾನ ಮತ್ತೆ ಮೇಲೇರಿ ಸುತ್ತು ಹಾಕಿ ಬರಬೇಕಾಯಿತು. ಗಾಳಿಯ ವೇಗ ಮತ್ತು ದಿಕ್ಕು ಸ್ವಲ್ಪ ದೂರದೊಳಗೇ ದಿಢೀರ್ ಬದಲಾಗುವುದಕ್ಕೆ ವಿಂಡ್ ಶಿಯರ್ ಅನ್ನುತ್ತಾರೆ. ಇಳಿಯುತ್ತಿರುವ ವಿಮಾನಕ್ಕೆ ಅದು ತುಂಬಾ ಅಪಾಯ. ಮೇ ತಿಂಗಳಿಗೆ ನಿಗದಿಯಾಗಿದ್ದ ಉದ್ಘಾಟನೆ ಮುಂದಕ್ಕೆ ಹೋಯಿತು. ಬ್ರಿಟನ್ನಿನ ತೆರಿಗೆದಾರರು ಈ ಯೋಜನೆಗೆ ಕೊಟ್ಟಿದ್ದು 28.55 ಕೋಟಿ ಪೌಂಡ್. ದ್ವೀಪದಲ್ಲಿರುವ ಜನ ನಾಲ್ಕೂವರೆ ಸಾವಿರಕ್ಕಿಂತ ಕಡಿಮೆ. ತಲೆಗೆ ಹಂಚಿದರೆ 60 ಸಾವಿರ ಪೌಂಡ್ ದಾಟುತ್ತದೆ.

ಇಂಥ ತಪ್ಪು ಇಂಗ್ಲೆಂಡಿನ ಯಾವುದಾದರೂ ಊರಲ್ಲಿ ಆಗಿದ್ದರೆ ಆ ಕ್ಷೇತ್ರದ ಸಂಸದರು ಮಾರನೇ ದಿನವೇ ಸದನದಲ್ಲಿ ಎದ್ದು ನಿಲ್ಲುತ್ತಿದ್ದರು. ಸೇಂಟ್ ಹೆಲೆನಾಗೆ ಸಂಸದರೇ ಇಲ್ಲ. ಹಾಗಾದರೆ ಅಲ್ಲಿನ ಆಡಳಿತದ ಬಗ್ಗೆ ಸರ್ಕಾರವನ್ನು ಕೇಳುವವರು ಯಾರು? ಹೇಗೆ ಕೇಳುತ್ತಾರೆ?

ಮೊದಲು ಈ ಪ್ರದೇಶಗಳು ಯಾವುವು ಅನ್ನುವುದನ್ನು ನೋಡೋಣ. ಬ್ರಿಟನ್ನಿಗೆ ಇವತ್ತಿಗೂ 14 ಸಾಗರೋತ್ತರ ಪ್ರದೇಶಗಳಿವೆ. ಎಲ್ಲವೂ ಒಂದೇ ಥರ ಇಲ್ಲ. ಬರ್ಮುಡಾ, ಕೇಮನ್ ದ್ವೀಪಗಳು ಶ್ರೀಮಂತ ಹಣಕಾಸು ಕೇಂದ್ರಗಳು. ಜಿಬ್ರಾಲ್ಟರ್ ಸ್ಪೇನಿನ ತುದಿಗೆ ಅಂಟಿಕೊಂಡಿರುವ ಪುಟ್ಟ ಪಟ್ಟಣ. ಟ್ರಿಸ್ಟನ್ ಡ ಕುನ್ಹಾಗೆ ವಿಮಾನವೇ ಇಲ್ಲ, ಕೇಪ್ ಟೌನ್‌ನಿಂದ ಹಡಗಿನಲ್ಲಿ ಸುಮಾರು ಒಂದು ವಾರ. ಪೆಸಿಫಿಕ್‌ನ ಪಿಟ್‌ಕೇರ್ನ್‌ನಲ್ಲಿ ಇರುವುದು 50ರ ಆಸುಪಾಸು ಜನ. ಅದರ ಗವರ್ನರ್ ಕೂರುವುದು ಸಾವಿರಾರು ಕಿಲೋಮೀಟರ್ ದೂರದಲ್ಲಿ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ. ಎಲ್ಲವನ್ನೂ ಸೇರಿಸಿದರೆ ಸುಮಾರು ಎರಡೂವರೆ ಲಕ್ಷ ಜನ.

ಜನ ನೆಲೆಸಿರುವ ಬಹುತೇಕ ಪ್ರದೇಶಗಳಲ್ಲಿ ಚುನಾಯಿತ ಶಾಸನಸಭೆ ಇದೆ. ಶಾಲೆ, ರಸ್ತೆ, ತೆರಿಗೆಯಂಥ ಒಳಗಿನ ವಿಷಯಗಳನ್ನು ಅವರೇ ನೋಡಿಕೊಳ್ಳುತ್ತಾರೆ. ರಕ್ಷಣೆ, ವಿದೇಶ ವ್ಯವಹಾರ, ಸಾಮಾನ್ಯವಾಗಿ ಪೊಲೀಸ್ ಮತ್ತು ಒಳಭದ್ರತೆ ಲಂಡನ್ ಕಳಿಸುವ ಗವರ್ನರ್ ಕೈಯಲ್ಲಿರುತ್ತವೆ. ಕೊನೆಯ ಬೀಗದ ಕೈ ಲಂಡನ್ನಿನ ಹತ್ತಿರವೇ. ಈ ಪ್ರದೇಶಗಳ ಸಂವಿಧಾನಗಳೂ ಹೆಚ್ಚಾಗಿ 'ಆರ್ಡರ್ ಇನ್ ಕೌನ್ಸಿಲ್' ಅನ್ನುವ ರಾಜಾಜ್ಞೆಯ ಮೂಲಕ ಜಾರಿಗೆ ಬಂದಿರುವಂಥವು. ಮಂತ್ರಿಗಳು ಸಲಹೆ ಕೊಡುತ್ತಾರೆ, ರಾಜ ತಮ್ಮ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನಲ್ಲಿ ಒಪ್ಪಿಗೆ ಹಾಕುತ್ತಾರೆ, ಅಲ್ಲಿಗೆ ಕಾನೂನು ಆಯಿತು. ಸಂಸತ್ತಿನಲ್ಲಿ ಮತ ಹಾಕಲೇಬೇಕು ಅಂತಿಲ್ಲ. ಈ ರಾಜಾಜ್ಞೆಯ ವಿಷಯ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಈಗ ಸಂಸತ್ತಿನ ಕೈಯಲ್ಲಿ ಏನಿದೆ ನೋಡೋಣ. ಯಾವ ಸಂಸದರು ಬೇಕಾದರೂ ಮಂತ್ರಿಗೆ ಬಾಯಿಮಾತಿನಲ್ಲಿ ಅಥವಾ ಬರಹದಲ್ಲಿ ಪ್ರಶ್ನೆ ಕೇಳಬಹುದು. ಚರ್ಚೆ ಕೋರಬಹುದು. ಇದರಿಂದ ಮಾಹಿತಿ ಹೊರಗೆ ಬರುತ್ತದೆ. ನಿಜವಾದ ಕೆಲಸ ನಡೆಯುವುದು ಸಮಿತಿಗಳಲ್ಲಿ. ವಿದೇಶಾಂಗ ವ್ಯವಹಾರಗಳ ಸಮಿತಿ, ಪರಿಸರ ಲೆಕ್ಕಪರಿಶೋಧನಾ ಸಮಿತಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಹೀಗೆ ಹಲವು ಇವೆ. ಬೇರೆಬೇರೆ ಪಕ್ಷಗಳ ಹತ್ತು ಹದಿನೈದು ಜನ ಒಂದು ಮೇಜಿನ ಸುತ್ತ ಕೂತು ಒಂದೇ ವಿಷಯವನ್ನು ವಾರಗಟ್ಟಲೆ ಕೆದಕುತ್ತಾರೆ. ಕಾಗದಪತ್ರ ತರಿಸುತ್ತಾರೆ, ಅಧಿಕಾರಿಗಳನ್ನು ಕರೆಸುತ್ತಾರೆ. ಕೊನೆಗೆ ವರದಿ ಕೊಡುತ್ತಾರೆ. ವರದಿಗೆ ಸರ್ಕಾರ ಎರಡು ತಿಂಗಳೊಳಗೆ ಉತ್ತರ ಕೊಡಬೇಕು ಅನ್ನುವುದು ರೂಢಿ. ಶಿಫಾರಸನ್ನು ಒಪ್ಪಲೇಬೇಕು ಅಂತೇನಿಲ್ಲ.

ಈ ಸಮಿತಿಗಳಲ್ಲಿ ಹಲ್ಲಿರುವುದು ಲೆಕ್ಕಪತ್ರ ಸಮಿತಿಗೆ. ಅದು 1861ರಿಂದ ಇದೆ. ಅದರ ಬೆನ್ನಿಗೆ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ನಿಂತಿದೆ. ಆಡಿಟರ್‌ಗಳು ಮೊದಲು ಕಡತಗಳನ್ನು ಜಾಲಾಡಿ, ಯಾವ ವರ್ಷ ಯಾರು ಯಾವ ತೀರ್ಮಾನ ತೆಗೆದುಕೊಂಡರು ಅಂತ ಬರೆದುಕೊಡುತ್ತಾರೆ. ಆಮೇಲೆ ಸಮಿತಿ ಕರೆಸುವುದು ಮಂತ್ರಿಯನ್ನಲ್ಲ, ಇಲಾಖೆಯ ಅತಿ ಹಿರಿಯ ಅಧಿಕಾರಿಯನ್ನು. ಇಲಾಖೆಯ ಪ್ರತಿ ಪೌಂಡಿಗೂ ಆ ಅಧಿಕಾರಿ ಸ್ವಂತ ಹೆಸರಿನಲ್ಲಿ ಹೊಣೆ. 'ಅದು ರಾಜಕೀಯ ತೀರ್ಮಾನ, ನನಗೆ ಗೊತ್ತಿಲ್ಲ' ಅಂತ ಹೇಳಿ ಎದ್ದು ಬರುವಂತಿಲ್ಲ.

ಸೇಂಟ್ ಹೆಲೆನಾ ವಿಮಾನ ನಿಲ್ದಾಣದ ವಿಷಯದಲ್ಲಿ ಹೀಗೇ ಆಯಿತು. 2016ರ ಜೂನ್‌ನಲ್ಲಿ ಆಡಿಟ್ ವರದಿ ಬಂತು. ಡಿಸೆಂಬರ್‌ನಲ್ಲಿ ಲೆಕ್ಕಪತ್ರ ಸಮಿತಿಯ ವರದಿ ಬಂತು. ಆಗ ಮೆಗ್ ಹಿಲಿಯರ್ ಅದರ ಅಧ್ಯಕ್ಷೆ. ಸಮಿತಿಯ ಭಾಷೆ ಖಾರವಾಗಿತ್ತು. ಪ್ರಯಾಣಿಕರ ವಿಮಾನ ಸುರಕ್ಷಿತವಾಗಿ ಇಳಿಯಲು ಅಲ್ಲಿನ ಗಾಳಿ ಬಿಡುತ್ತದೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳದೆ ನಿಲ್ದಾಣ ಕಟ್ಟಿ ಮುಗಿಸಿದ್ದು ದಂಗುಬಡಿಸುವ ಸಂಗತಿ ಅಂತ ಹೇಳಿತು. ಇದಕ್ಕೆ ಇಲಾಖೆಯಲ್ಲಿ ಯಾರನ್ನೂ ಹೊಣೆ ಮಾಡಿಲ್ಲವಲ್ಲ ಅಂತಲೂ ಕೇಳಿತು.

ನಿಲ್ದಾಣ ಕಟ್ಟಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಮೊದಲು ದ್ವೀಪದವರಿಗೆ ಹೊರಜಗತ್ತಿಗೆ ಇದ್ದ ದಾರಿ ಒಂದೇ ಹಡಗು. ಕೇಪ್ ಟೌನ್‌ನಿಂದ ಐದು ದಿನ, ಸುಮಾರು ಮೂರು ವಾರಕ್ಕೊಮ್ಮೆ. ಯಾರಿಗಾದರೂ ತುರ್ತಾಗಿ ದೊಡ್ಡ ಆಸ್ಪತ್ರೆ ಬೇಕಾದರೆ ಅದೇ ಹಡಗಿಗೆ ಕಾಯಬೇಕು. ಅವರಿಗೆ ವಿಮಾನ ಬೇಕಿತ್ತು, ನಿಜವಾಗಿಯೂ ಬೇಕಿತ್ತು. ನನ್ನನ್ನು ಕಾಡುವುದು ಬೇರೆ ವಿಷಯ. ಕಟ್ಟುವ ಮೊದಲೇ ಗಾಳಿಯ ಬಗ್ಗೆ ಪಟ್ಟು ಹಿಡಿದು ಕೇಳುವ ಒಬ್ಬ ಸಂಸದ ಆ ದ್ವೀಪಕ್ಕೆ ಇರಲಿಲ್ಲ. ಸಮಿತಿಯ ಖಾರವಾದ ಪ್ರಶ್ನೆಗಳೆಲ್ಲ ಬಂದಿದ್ದು ಹಣ ಖರ್ಚಾಗಿ, ರನ್‌ವೇ ಮುಗಿದ ಮೇಲೆ. ಕೊನೆಗೆ 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗ್‌ನಿಂದ ಮೊದಲ ನಿಗದಿತ ವಿಮಾನ ಬಂದಿಳಿಯಿತು. 737ಗಿಂತ ಚಿಕ್ಕದಾದ ಎಂಬ್ರಾಯರ್ ಅದು. ಅಲ್ಲಿನ ಗಾಳಿ, ರನ್‌ವೇ ನೋಡಿಕೊಂಡು ಪ್ರಯಾಣಿಕರ ಸಂಖ್ಯೆಗೂ ಮಿತಿ ಹಾಕಿದ್ದರು.

ಮಾಂಟ್ಸೆರಾಟ್‌ನ ಕಥೆಯಲ್ಲೂ ಪರಿಶೀಲನೆ ಹೀಗೇ ತಡವಾಗಿ ಬಂತು. 1995ರ ಜುಲೈನಲ್ಲಿ ಆ ಕೆರಿಬಿಯನ್ ದ್ವೀಪದ ಜ್ವಾಲಾಮುಖಿ ಎದ್ದಿತು. ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. 1997ರ ಜೂನ್ 25ರಂದು 19 ಜನ ಸತ್ತರು. ಸುಮಾರು ಮೂರನೇ ಎರಡು ಭಾಗ ಜನ ಊರು ಬಿಟ್ಟರು. ಲಂಡನ್ನಿನಲ್ಲಿ ವಿದೇಶಾಂಗ ಇಲಾಖೆ ಒಂದು ಕಡೆ, ಆಗಷ್ಟೇ ಹುಟ್ಟಿದ್ದ ಅಂತಾರಾಷ್ಟ್ರೀಯ ಅಭಿವೃದ್ಧಿ ಇಲಾಖೆ ಇನ್ನೊಂದು ಕಡೆ. ದುಡ್ಡು ಒಬ್ಬರ ಹತ್ತಿರ, ಹೊಣೆ ಇನ್ನೊಬ್ಬರ ಹತ್ತಿರ. ಸಂಸತ್ತಿನ ಅಂತಾರಾಷ್ಟ್ರೀಯ ಅಭಿವೃದ್ಧಿ ಸಮಿತಿ ಅದೇ ನವೆಂಬರ್‌ನಲ್ಲಿ ವರದಿ ಕೊಟ್ಟು ಈ ಗೋಜಲನ್ನು ಎತ್ತಿ ತೋರಿಸಿತು. ಎರಡು ವರ್ಷದೊಳಗೆ ಸರ್ಕಾರ ಈ ಎಲ್ಲಾ ಪ್ರದೇಶಗಳ ಬಗ್ಗೆ ಹೊಸ ಶ್ವೇತಪತ್ರ ತಂದಿತು. 2002ರ ಕಾಯ್ದೆಯಿಂದ ಬಹುತೇಕ ಪ್ರದೇಶಗಳ ಜನರಿಗೆ ಪೂರ್ತಿ ಬ್ರಿಟಿಷ್ ಪೌರತ್ವ ಸಿಕ್ಕಿತು.

ಪ್ರಶ್ನೆ ಕೇಳಿದ ಕೂಡಲೇ ನಿಜ ಹೊರಗೆ ಬರುತ್ತದೆ ಅಂತಲೂ ಇಲ್ಲ. ಹಿಂದೂ ಮಹಾಸಾಗರದಲ್ಲಿ ಬ್ರಿಟನ್ ಆಳುವ ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ ಅಮೆರಿಕದ ದೊಡ್ಡ ಸೇನಾನೆಲೆ ಇದೆ. ಭಯೋತ್ಪಾದನೆಯ ಶಂಕೆಯ ಮೇಲೆ ಹಿಡಿದವರನ್ನು ಗುಟ್ಟಾಗಿ ಸಾಗಿಸುವ ವಿಮಾನಗಳು ಅಲ್ಲಿ ಇಳಿದಿದ್ದವಾ ಅಂತ ಸಂಸದರು ವರ್ಷಗಟ್ಟಲೆ ಕೇಳಿದರು. ಇಲ್ಲ ಅನ್ನುವ ಉತ್ತರವೇ ಬರುತ್ತಿತ್ತು. 2008ರ ಫೆಬ್ರವರಿಯಲ್ಲಿ ವಿದೇಶಾಂಗ ಮಂತ್ರಿ ಡೇವಿಡ್ ಮಿಲಿಬ್ಯಾಂಡ್ ಸದನದಲ್ಲಿ ನಿಂತು, 2002ರಲ್ಲಿ ಅಂಥ ಎರಡು ವಿಮಾನಗಳು ಅಲ್ಲಿ ಇಂಧನ ತುಂಬಿಸಿಕೊಂಡಿದ್ದವು ಅಂತ ಒಪ್ಪಿಕೊಂಡು ಕ್ಷಮೆ ಕೇಳಿದರು. ಆ ಮಾಹಿತಿ ಅಮೆರಿಕದಿಂದ ಆಗಷ್ಟೇ ಬಂದಿತ್ತು. ಸರ್ಕಾರಕ್ಕೇ ತಿಳಿಯದ್ದನ್ನು ಸಂಸತ್ತು ಎಷ್ಟು ಕೇಳಿದರೂ ಉತ್ತರ ಸಿಗುವುದಿಲ್ಲ ಅಲ್ವಾ? ಅಲ್ಲಿ ನೋಡಿ ಹೇಳಲು ಊರಿನವರೂ ಇರಲಿಲ್ಲ. ಯಾಕೆಂದರೆ 1968ರಿಂದ 1973ರ ನಡುವೆ ಆ ದ್ವೀಪ ಸೇರಿರುವ ಚಾಗೋಸ್ ದ್ವೀಪಸಮೂಹದ ಜನರನ್ನೆಲ್ಲ ಬ್ರಿಟನ್ ಅಲ್ಲಿಂದ ಹೊರಹಾಕಿತ್ತು.

ರಾಜಾಜ್ಞೆ ಏನು ಮಾಡಬಲ್ಲದು ಅನ್ನುವುದು ಕಾಣುವುದೂ ಇದೇ ಜನರ ವಿಷಯದಲ್ಲಿ. 2000ದಲ್ಲಿ ಅವರು ಲಂಡನ್ ಹೈಕೋರ್ಟಿನಲ್ಲಿ ಗೆದ್ದರು. ಡಿಯೆಗೊ ಗಾರ್ಸಿಯಾ ಬಿಟ್ಟು ಉಳಿದ ಹೊರಗಿನ ದ್ವೀಪಗಳಿಗೆ ಮರಳುವ ಬಾಗಿಲು ತೆರೆಯಿತು. 2004ರ ಜೂನ್ 10ರಂದು ಸರ್ಕಾರ ರಾಜಾಜ್ಞೆ ತಂದು ಆ ಬಾಗಿಲನ್ನು ಮತ್ತೆ ಮುಚ್ಚಿತು. ಅವತ್ತು ಬ್ರಿಟನ್ನಿನಲ್ಲಿ ಯುರೋಪಿಯನ್ ಸಂಸತ್ತಿಗೆ ಮತದಾನ ನಡೆಯುತ್ತಿತ್ತು. ಸದನದಲ್ಲಿ ಚರ್ಚೆ ಇಲ್ಲ, ಮತ ಇಲ್ಲ. ಒಂದು ಜನಾಂಗ ತನ್ನ ನೆಲಕ್ಕೆ ಕಾಲಿಡುವ ಹಕ್ಕು ಒಂದು ಸಹಿಯಲ್ಲಿ ಹೋಯಿತು. ಅವರು ಮತ್ತೆ ಕೋರ್ಟಿಗೆ ಹೋದರು. 2008ರಲ್ಲಿ ಅಂದಿನ ಅತ್ಯುನ್ನತ ಪೀಠವಾದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರಲ್ಲಿ ಮೂವರು ಸರ್ಕಾರದ ಪರ, ಇಬ್ಬರು ಜನರ ಪರ ತೀರ್ಪು ಕೊಟ್ಟರು. ಚಾಗೋಸನ್ನು ಮಾರಿಷಸ್‌ಗೆ ಒಪ್ಪಿಸುವ ಒಪ್ಪಂದಕ್ಕೆ 2025ರ ಮೇ 22ರಂದು ಸಹಿ ಬಿತ್ತು. ಆಗಲೂ ಎಷ್ಟೋ ಚಾಗೋಸ್ ಜನ ಹೇಳಿದ್ದು ಇದನ್ನೇ: ನಮ್ಮನ್ನು ಯಾರೂ ಕೇಳಲಿಲ್ಲ.

ಹಾಗಂತ ಈ ವ್ಯವಸ್ಥೆ ಕೆಲಸವೇ ಮಾಡುವುದಿಲ್ಲ ಅಂತ ಬಿಟ್ಟುಬಿಡುವ ಹಾಗಿಲ್ಲ. ಚೆನ್ನಾಗಿ ನಡೆದಾಗ ಅದು ಏನು ಮಾಡಬಲ್ಲದು ಅನ್ನುವುದಕ್ಕೆ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಕಥೆ ಹೇಳಲೇಬೇಕು.

2007ರಲ್ಲಿ ವಿದೇಶಾಂಗ ವ್ಯವಹಾರಗಳ ಸಮಿತಿ ಎಲ್ಲಾ ಸಾಗರೋತ್ತರ ಪ್ರದೇಶಗಳ ಬಗ್ಗೆ ವಿಚಾರಣೆ ಶುರು ಮಾಡಿತು. ಯಾರು ಬೇಕಾದರೂ ಬರೆದು ತಿಳಿಸಿ ಅಂತ ಕರೆ ಕೊಟ್ಟಿತು. ಟರ್ಕ್ಸ್ ಮತ್ತು ಕೈಕೋಸ್‌ನಿಂದ ಒಂದರ ಹಿಂದೆ ಒಂದು ಪತ್ರ ಬರತೊಡಗಿತು. ಸರ್ಕಾರಿ ಜಮೀನು ಬೇಕಾದವರಿಗೆ ಹೋಗುತ್ತಿದೆ, ಮಂತ್ರಿಗಳು ಇದ್ದಕ್ಕಿದ್ದ ಹಾಗೆ ಶ್ರೀಮಂತರಾಗುತ್ತಿದ್ದಾರೆ, ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಅನ್ನುವ ದೂರುಗಳು. ಚಿಕ್ಕ ಊರಿನಲ್ಲಿ ಹೀಗೆ ಬರೆಯುವುದು ಸುಲಭವಲ್ಲ. ಅಂಗಡಿಯವನು, ಪೊಲೀಸ್, ಮಂತ್ರಿ, ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ಲಂಡನ್ನಿನ ವಿದೇಶಾಂಗ ಇಲಾಖೆಯೋ, ಆರೋಪ ಇದ್ದರೆ ಸಾಕ್ಷಿ ತನ್ನಿ ಅನ್ನುತ್ತಾ ಕೂತಿತ್ತು. ಸಾಮಾನ್ಯ ಜನ ಸಾಕ್ಷಿ ಎಲ್ಲಿಂದ ತರಬೇಕು? ಸಾಬೀತು ಮಾಡುವ ಹೊರೆಯನ್ನು ಊರಿನವರ ಹೆಗಲಿಗೆ ಹಾಕಿದ್ದು ಸರಿಯಲ್ಲ, ಅದರಿಂದ ದ್ವೀಪದಲ್ಲಿ ಭಯ ತುಂಬಿದೆ ಅಂತ ಸಮಿತಿ ಖಡಾಖಂಡಿತವಾಗಿ ಬರೆಯಿತು.

ಇಲ್ಲಿ ಸಮಿತಿಯ ಹತ್ತಿರ ಒಂದು ರಕ್ಷಣೆ ಇತ್ತು. ಸಮಿತಿ ಸ್ವೀಕರಿಸಿದ ಹೇಳಿಕೆಗೆ ಸಂಸತ್ತಿನ ವಿಶೇಷ ಹಕ್ಕಿನ ಕಾವಲಿದೆ. ಅದರ ಮೇಲೆ ಮಾನನಷ್ಟ ಮೊಕದ್ದಮೆ ಹೂಡುವಂತಿಲ್ಲ. ಸಾಕ್ಷಿಯನ್ನು ಬೆದರಿಸಿದರೆ ಅದು ಸಂಸತ್ತಿಗೇ ಮಾಡಿದ ಅವಮಾನ ಆಗುತ್ತದೆ. ಹೆಸರು ಮುಚ್ಚಿಡಿ ಅಂದರೆ ಸಮಿತಿ ಮುಚ್ಚಿಡಬಲ್ಲದು. ಅಲ್ಲಿನ ಕೋರ್ಟಿಗೋ ಠಾಣೆಗೋ ಹೋಗಲು ಅಂಜುತ್ತಿದ್ದವರಿಗೆ ಏಳು ಸಾವಿರ ಕಿಲೋಮೀಟರ್ ಆಚೆಯ ಸಂಸತ್ತಿಗೆ ಬರೆಯುವುದೇ ಕ್ಷೇಮ ಅನ್ನಿಸಿತು.

2008ರ ಜುಲೈನಲ್ಲಿ ಸಮಿತಿಯ ವರದಿ ಹೊರಬಂತು. ವಿಚಾರಣಾ ಆಯೋಗ ನೇಮಿಸಿ ಅಂತ ಶಿಫಾರಸು ಮಾಡಿತು. ನಿವೃತ್ತ ನ್ಯಾಯಾಧೀಶ ಸರ್ ರಾಬಿನ್ ಆಲ್ಡ್ ಅವರ ಆಯೋಗ ಅದೇ ತಿಂಗಳು ನೇಮಕವಾಯಿತು. ವ್ಯವಸ್ಥೆಯ ತುಂಬಾ ಭ್ರಷ್ಟಾಚಾರ ಹರಡಿರುವ ಸಂಭವ ಹೆಚ್ಚು ಅಂತ ಆಯೋಗ ಕಂಡುಕೊಂಡಿತು. ಅಲ್ಲಿನ ಸರ್ಕಾರದ ಮುಖ್ಯಸ್ಥ, ಅಂದರೆ ಪ್ರೀಮಿಯರ್, ಮೈಕಲ್ ಮಿಸಿಕ್ ಆರೋಪಗಳನ್ನು ಅಲ್ಲಗಳೆದರು, ಆದರೆ 2009ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು.

ಆಮೇಲೆ ನಡೆದದ್ದು ಇಷ್ಟು ಸರಳವಲ್ಲ. 2009ರ ಆಗಸ್ಟ್‌ನಲ್ಲಿ ಲಂಡನ್ ಅಲ್ಲಿನ ಸಂವಿಧಾನದ ಕೆಲವು ಭಾಗಗಳನ್ನು ಅಮಾನತು ಮಾಡಿತು. ಮಂತ್ರಿಮಂಡಲ ಹೋಯಿತು, ಚುನಾಯಿತ ಸಭೆ ಹೋಯಿತು. ಗವರ್ನರ್ ನೇರವಾಗಿ ಆಳಿದರು. 2012ರ ನವೆಂಬರ್‌ವರೆಗೆ ಚುನಾವಣೆಯೇ ನಡೆಯಲಿಲ್ಲ. ಪತ್ರ ಬರೆದವರು ಕೇಳಿದ್ದು ಪ್ರಾಮಾಣಿಕ ಸರ್ಕಾರ. ಸಿಕ್ಕಿದ್ದು ಮೂರು ವರ್ಷ ತಮ್ಮದೇ ಸರ್ಕಾರ ಇಲ್ಲದ ಸ್ಥಿತಿ. ಕಳ್ಳತನ ತಡೆಯಲು ಇದು ಬೇಕಿತ್ತು ಅನ್ನುವವರು ಅಲ್ಲೇ ಇದ್ದರು, ಮತ್ತೆ ವಸಾಹತು ಮಾಡಿಕೊಂಡರು ಅನ್ನುವವರೂ ಇದ್ದರು. ನನಗೆ ಇಬ್ಬರ ಮಾತಿನಲ್ಲೂ ನ್ಯಾಯ ಕಾಣುತ್ತದೆ.

ಈ ಎರಡನೇ ದೂರನ್ನು ಗಟ್ಟಿಯಾಗಿ ಕೇಳಿಸಿಕೊಳ್ಳಬೇಕಾದ ಇನ್ನೊಂದು ಸಂದರ್ಭ 2018ರ ಮೇ ತಿಂಗಳು. ಕಂಪನಿಗಳ ನಿಜವಾದ ಮಾಲೀಕರು ಯಾರು ಅನ್ನುವ ಪಟ್ಟಿಯನ್ನು ಸಾಗರೋತ್ತರ ಪ್ರದೇಶಗಳು ಎಲ್ಲರಿಗೂ ತೆರೆದಿಡಬೇಕು ಅಂತ ಲೇಬರ್ ಪಕ್ಷದ ಮಾರ್ಗರೆಟ್ ಹಾಜ್ ಮತ್ತು ಕನ್ಸರ್ವೇಟಿವ್ ಪಕ್ಷದ ಆಂಡ್ರ್ಯೂ ಮಿಚೆಲ್ ಒಟ್ಟಾಗಿ ಮಸೂದೆಯೊಂದಕ್ಕೆ ತಿದ್ದುಪಡಿ ತಂದರು. ಸೋಲುತ್ತೇವೆ ಅಂತ ಗೊತ್ತಾದಾಗ ಸರ್ಕಾರ ಒಪ್ಪಿಕೊಂಡಿತು. ಉದ್ದೇಶ ಒಳ್ಳೆಯದೇ. ಲೂಟಿಯ ಹಣ ಬೇನಾಮಿ ಕಂಪನಿಗಳಲ್ಲಿ ಅಡಗುವುದನ್ನು ತಡೆಯಬೇಕು. ಆದರೆ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಸರ್ಕಾರದ ವರಮಾನದ ಅರ್ಧಕ್ಕಿಂತ ಜಾಸ್ತಿ ಬರುತ್ತಿದ್ದದ್ದು ಹಣಕಾಸು ಸೇವೆಗಳಿಂದ. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಇರ್ಮಾ ಚಂಡಮಾರುತ ಆ ದ್ವೀಪಗಳನ್ನು ನೆಲಸಮ ಮಾಡಿತ್ತು. ತಮ್ಮ ಒಂದು ಓಟೂ ಇಲ್ಲದ ಸದನ ತಮ್ಮ ಬದುಕಿನ ಬಗ್ಗೆ ಕಾನೂನು ಮಾಡಿತು ಅಂತ ಜನ ಬೀದಿಗಿಳಿದರು. ಕಾನೂನಿನ ಗುರಿ ಸರಿಯಿತ್ತು, ಕೇಳದೇ ಮಾಡಿದ ರೀತಿ ಸರಿಯಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ನೋಡಬೇಕು. ಗವರ್ನರ್, ಇಲಾಖೆ, ಖರ್ಚು, ಇವೆಲ್ಲ ಲಂಡನ್ ಸರ್ಕಾರದ ಕೆಲಸ. ಅದರ ಲೆಕ್ಕ ಕೇಳುವುದು ಸಂಸತ್ತಿನ ಕರ್ತವ್ಯ. ದ್ವೀಪದ ಚುನಾಯಿತ ಸರ್ಕಾರ ಮಾಡುವ ಕೆಲಸ ಬೇರೆ. ಅದರ ಲೆಕ್ಕ ಕೇಳಬೇಕಾದವರು ಅಲ್ಲಿನ ಮತದಾರರು, ಅಲ್ಲಿನ ಶಾಸನಸಭೆ, ಅಲ್ಲಿನ ಪತ್ರಿಕೆ. ಆದರೆ ಕೆಲವೇ ಸಾವಿರ ಜನರ ದ್ವೀಪದಲ್ಲಿ ಶಾಸನಸಭೆ ಎಷ್ಟು ಪುಟ್ಟದು ಅಂದರೆ ಮಂತ್ರಿಗಳನ್ನು ಬಿಟ್ಟರೆ ಪ್ರಶ್ನೆ ಕೇಳಲು ಉಳಿಯುವುದು ಬೆರಳೆಣಿಕೆಯ ಜನ. ಅಲ್ಲಿ ಒಬ್ಬ ಒಳ್ಳೆಯ ಸ್ವತಂತ್ರ ಆಡಿಟರ್, ಸ್ಥಳೀಯ ಲೆಕ್ಕಪತ್ರ ಸಮಿತಿ ಇದ್ದರೆ ಲಂಡನ್ನಿನಿಂದ ಬರುವ ಯಾವ ವರದಿಗಿಂತಲೂ ಜಾಸ್ತಿ ಉಪಯೋಗ. ಯಾಕೆಂದರೆ ಅವರು ತಪ್ಪನ್ನು ಅದು ಚಿಕ್ಕದಿದ್ದಾಗಲೇ ನೋಡುತ್ತಾರೆ.

ಹಾಗಾದರೆ ಈ ದ್ವೀಪಗಳಿಗೂ ಸಂಸದರನ್ನು ಕೊಟ್ಟರೆ ಸಾಲದೇ? ಫ್ರಾನ್ಸ್ ಅದನ್ನೇ ಮಾಡಿದೆ. ಅದರ ರಾಷ್ಟ್ರೀಯ ಸಭೆಯ 577 ಸದಸ್ಯರಲ್ಲಿ 27 ಜನ ಸಾಗರೋತ್ತರ ಪ್ರದೇಶಗಳಿಂದ ಬರುತ್ತಾರೆ. ಅಲ್ಲಿನ ಮಾತನ್ನು ಸದನದಲ್ಲೇ ಎತ್ತುವ ಬಾಯಿಗಳಿವೆ, ಅದು ದೊಡ್ಡ ವಿಷಯ. ಆದರೂ 2024ರ ಮೇನಲ್ಲಿ ಪೆಸಿಫಿಕ್‌ನ ಫ್ರೆಂಚ್ ಪ್ರದೇಶ ನ್ಯೂ ಕ್ಯಾಲಿಡೋನಿಯಾದ ಮತದಾರರ ಪಟ್ಟಿಯನ್ನು ವಿಸ್ತರಿಸುವ ಮಸೂದೆಗೆ ಪ್ಯಾರಿಸ್ ಮತ ಹಾಕುವ ಹೊತ್ತಿಗೆ, ಸುಮಾರು 17 ಸಾವಿರ ಕಿಲೋಮೀಟರ್ ದೂರದ ಅದರ ರಾಜಧಾನಿ ನೂಮೆಯಾದಲ್ಲಿ ಬೆಂಕಿ ಹತ್ತಿತ್ತು. ಆ ಪ್ರದೇಶಕ್ಕೆ ಸಭೆಯಲ್ಲಿ ಇಬ್ಬರು ಸದಸ್ಯರಿದ್ದರು. 577ರಲ್ಲಿ ಇಬ್ಬರು ಎದ್ದು ಮಾತಾಡಬಹುದು, ಮತವನ್ನು ತಿರುಗಿಸಲು ಆಗುವುದಿಲ್ಲ. ಅದಕ್ಕೇ ನನಗೆ ಸೀಟಿನಷ್ಟೇ ಸಮಿತಿಯೂ ಮುಖ್ಯ ಅನ್ನಿಸುತ್ತದೆ. ಸಮಿತಿಯಲ್ಲಿ ಒಂದು ಪತ್ರದ ತೂಕ ಅದನ್ನು ಬರೆದವರ ಓಟಿನ ಸಂಖ್ಯೆಯ ಮೇಲೆ ನಿಲ್ಲುವುದಿಲ್ಲ. ಅದರಲ್ಲಿ ಏನಿದೆ ಅನ್ನುವುದರ ಮೇಲೆ ನಿಲ್ಲುತ್ತದೆ.

2008ರ ಆ ವರದಿಯ ಜೊತೆ ಸಮಿತಿಗೆ ಬಂದ ಪತ್ರಗಳೂ ಅಚ್ಚಾಗಿವೆ. ಟರ್ಕ್ಸ್ ಮತ್ತು ಕೈಕೋಸ್‌ನಿಂದ ಬಂದ ಎಷ್ಟೋ ಪತ್ರಗಳಲ್ಲಿ, ಬರೆದವರ ಹೆಸರು ಇರಬೇಕಾದ ಜಾಗದಲ್ಲಿ ಒಂದೇ ಸಾಲಿದೆ: ಹೆಸರು ತಡೆಹಿಡಿಯಲಾಗಿದೆ.